ನಮ್ಮವರ ಕಲ್ಲು, ಅವರ ಕಲ್ಲು: ರಾಜಕೀಯ ಹಿಂಸೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ನ್ಯಾಯಾಲಯದ ಆವರಣದಲ್ಲಿ, ಕಾಲೇಜುಗಳ ಸಂವಾದಗಳಲ್ಲಿ, ಸಂಜೆ ಮಂಡಕ್ಕಿ ಅಂಗಡಿಯ ಮುಂದೆ, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಧಾಟಿಯನ್ನು ಬದಲಿಸಿಲ್ಲ. ಕೆಲವು ಪ್ರಶ್ನೆಗಳ ಒಳಗೇ ತೀರ್ಪು ಕುಳಿತಿದೆ, ಅದನ್ನೂ ಹಾಗೆಯೇ ಬಿಟ್ಟಿದ್ದೇನೆ. ಉತ್ತರ ಕೊಡುತ್ತಿರುವವನು ವಕೀಲನಾದ್ದರಿಂದ ಕಲಮು, ದಿನಾಂಕಗಳ ಹಾವಳಿ ಸ್ವಲ್ಪ ಹೆಚ್ಚು. ನಿಮ್ಮ ಸ್ವಂತ ಪ್ರಕರಣವಿದ್ದರೆ ಇದನ್ನು ನಂಬಿ ಕೂರದೆ ನಿಮ್ಮ ವಕೀಲರನ್ನು ಕಾಣಿರಿ.

## ಮೊದಲ ಪ್ರಶ್ನೆಗಳು

ರಾಜಕೀಯ ಹಿಂಸೆ ಎಂದರೆ ಯಾವುದು? ಎರಡು ಪಕ್ಷದವರು ಬಡಿದಾಡಿದರೆ ಎಲ್ಲವೂ ಅದೇ ಲೆಕ್ಕವೇ?

ಅಲ್ಲ. ನಿವೇಶನದ ಗಡಿಗೋ ಕೊಟ್ಟ ಸಾಲಕ್ಕೋ ಇಬ್ಬರು ಬಡಿದಾಡುತ್ತಾರೆ. ಒಬ್ಬ ಒಂದು ಪಕ್ಷದ ಬೂತ್ ಅಧ್ಯಕ್ಷ, ಇನ್ನೊಬ್ಬ ಮತ್ತೊಂದು ಪಕ್ಷದ ಪಾಲಿಕೆ ಸದಸ್ಯನ ತಮ್ಮ ಎಂದಾದರೆ ಸಂಜೆಯೊಳಗೆ ಅದು ‘ರಾಜಕೀಯ ಪ್ರೇರಿತ ಹಲ್ಲೆ’ಯಾಗಿ ಪತ್ರಿಕಾಗೋಷ್ಠಿಗೆ ಬಂದಿರುತ್ತದೆ. ನಾನು ನೋಡುವುದು ಹೊಡೆತದ ಗುರಿಯನ್ನು. ಒಬ್ಬನಿಗೆ ಹೊಡೆದು, ಅವನಂತೆ ಬರೆಯುವ, ಮತ ಹಾಕುವ, ಪೂಜಿಸುವ ನೂರು ಜನರ ಬಾಯಿ ಮುಚ್ಚಿಸುವ ಉದ್ದೇಶವಿದ್ದರೆ ಅದು ರಾಜಕೀಯ ಹಿಂಸೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದದ್ದು ಈ ಬಗೆಯದು. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಆರ್‌ಎಸ್‌ಎಸ್ ಕಾರ್ಯಕರ್ತರೊಬ್ಬರನ್ನು ಸಂಘದ ಸಮವಸ್ತ್ರದಲ್ಲಿದ್ದಾಗಲೇ ಕಡಿದು ಕೊಂದದ್ದೂ ಈ ಬಗೆಯದೇ. ಈ ಎರಡರಲ್ಲಿ ಒಂದಕ್ಕೆ ತಲೆದೂಗಿ ಇನ್ನೊಂದಕ್ಕೆ ಹುಬ್ಬು ಗಂಟಿಕ್ಕಿದವರು ಮುಂದಿನ ಪ್ರಶ್ನೆಯನ್ನು ಬಿಡದೆ ಓದಬೇಕು.

ಎಲ್ಲ ಪಕ್ಷದವರೂ ಹಿಂಸೆಯನ್ನು ಖಂಡಿಸುತ್ತಾರೆ. ಮತ್ತೆ ಇಬ್ಬಗೆ ನೀತಿ ಎಲ್ಲಿಂದ ಬಂತು?

ಖಂಡಿಸುತ್ತಾರೆ, ನಿಜ. ಹೇಳಿಕೆಯ ಎರಡನೆಯ ವಾಕ್ಯವನ್ನು ಓದಿ. ಹೊಡೆದವರು ಎದುರು ಪಕ್ಷದವರಾದರೆ ಪ್ರಶ್ನೆಗಳು ಮೇಲಕ್ಕೆ ಹೋಗುತ್ತವೆ: ಯಾರು ಕಳಿಸಿದರು, ಹಣ ಎಲ್ಲಿಂದ ಬಂತು, ಯಾವ ನಾಯಕನ ಮನೆಯಲ್ಲಿ ಸಭೆ ನಡೆದಿತ್ತು? ಹೊಡೆದವರು ನಮ್ಮವರಾದರೆ ಪ್ರಶ್ನೆ ಹಿಂದಕ್ಕೆ ಹೋಗುತ್ತದೆ: ಪಾಪ, ಅವರನ್ನು ಕೆರಳಿಸಿದವರು ಯಾರು? ಒಂದೇ ಕೃತ್ಯಕ್ಕೆ ಒಂದು ಕಡೆ ಸಂಚಿನ ತನಿಖೆ, ಇನ್ನೊಂದು ಕಡೆ ಸಿಟ್ಟಿನ ಸಮಾಜಶಾಸ್ತ್ರ. ಎರಡೂ ಸಾಲದೆ ಬಂದರೆ ಮೂರನೆಯ ಬಾಗಿಲು ಇದೆ, ‘ಅವನು ನಮ್ಮ ಪಕ್ಷದವನೇ ಅಲ್ಲ’. ಹಾಗೆ ಹೇಳಿದ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ಆ ‘ಅವನು’ ಎಡಗಡೆಯಿಂದ ಮೂರನೆಯವನಾಗಿ ಕೈ ಮುಗಿದು ನಿಂತಿರುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಅದು ಕೊರೆಯುವ ಗೋಡೆ ಇಡೀ ಊರಿನದು.

ಇದೆಲ್ಲ ಕರಾವಳಿಯ ಗೋಳು. ನಮ್ಮ ಮಧ್ಯ ಕರ್ನಾಟಕ ಶಾಂತವಾಗಿದೆಯಲ್ಲ?

ನಮ್ಮ ಊರಿನ ನೆನಪಿನ ಶಕ್ತಿಗೆ ನಮಸ್ಕಾರ. 1990ರ ಅಕ್ಟೋಬರ್‌ನಲ್ಲಿ, ಅಯೋಧ್ಯೆ ಚಳವಳಿಯ ಕಾವಿನ ದಿನಗಳಲ್ಲಿ, ದಾವಣಗೆರೆಯಲ್ಲಿ ಗಲಭೆಯಾಗಿ, ಗೋಲಿಬಾರ್ ಆಗಿ, ಜನ ಸತ್ತರು. ಅದೇ ಹೊತ್ತಿಗೆ ರಾಮನಗರ, ಚನ್ನಪಟ್ಟಣದಲ್ಲೂ ಬೆಂಕಿ ಹತ್ತಿತ್ತು. ಆ ಗಲಭೆಗಳ ಬೆನ್ನಲ್ಲೇ ವೀರೇಂದ್ರ ಪಾಟೀಲರ ಮುಖ್ಯಮಂತ್ರಿ ಸ್ಥಾನ ಹೋಯಿತು, ಕೆಲವು ದಿನ ರಾಷ್ಟ್ರಪತಿ ಆಡಳಿತ ಬಂತು, ಅನಂತರ ಬಂಗಾರಪ್ಪನವರು ಅಧಿಕಾರಕ್ಕೆ ಏರಿದರು. ರಾಜ್ಯದ ರಾಜಕೀಯವನ್ನೇ ತಿರುಗಿಸಿದ ಘಟನೆ ಅದು. ಇಂದಿಗೂ ಹಳೇ ಊರಿನಲ್ಲಿ ಅದರ ಎರಡು ಕಥೆಗಳಿವೆ. ಒಂದರಲ್ಲಿ ಸತ್ತವರು ಹುತಾತ್ಮರು, ಅಂಗಡಿ ಸುಟ್ಟುಕೊಂಡವರ ಸುದ್ದಿಯೇ ಇಲ್ಲ. ಇನ್ನೊಂದರಲ್ಲಿ ಸುಟ್ಟ ಅಂಗಡಿಗಳ ಪಟ್ಟಿ ಇದೆ, ಗುಂಡು ತಗುಲಿ ಸತ್ತವರ ಸುದ್ದಿ ಇಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಹಿರಿಯರು ಕಡಿಮೆಯಾಗುತ್ತಿದ್ದಾರೆ.

ಹಳೆಯದು ಬೇಡವೆಂದರೆ ಹೊಸದಿದೆ. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದ ಗಲಭೆಯಾದ ಕೆಲವೇ ದಿನಗಳಲ್ಲಿ ನಮ್ಮಲ್ಲೂ ಗಣೇಶ ಮೆರವಣಿಗೆಯ ವೇಳೆ ಕಲ್ಲು ತೂರಾಟ ನಡೆಯಿತು. ಚಿತ್ರದುರ್ಗದ ಹಿಂದೂ ಮಹಾಗಣಪತಿ ಶೋಭಾಯಾತ್ರೆಗೆ ಪ್ರತಿವರ್ಷ ಎಂಥ ಬಂದೋಬಸ್ತ್ ಬೇಕಾಗುತ್ತದೆ ಎಂಬುದನ್ನು ಅಲ್ಲಿನವರೇ ಬಲ್ಲರು. ಅಷ್ಟು ಜನ ಸೇರಿಯೂ ಯಾತ್ರೆ ಶಾಂತವಾಗಿ ಮುಗಿದ ವರ್ಷ ಯಾವ ನಾಯಕನೂ ಪತ್ರಿಕಾಗೋಷ್ಠಿ ಕರೆಯುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಬಂದಿದೆ, ಕಣ್ಣಾರೆ ಕಂಡ ಮೇಲೂ ನಂಬಬಾರದೇ?

ವಿಡಿಯೊ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮೊದಲು ನೋಡಿ. ಹೆಚ್ಚಿನವು ಎರಡನೆಯ ಏಟಿನಿಂದ ಶುರುವಾಗುತ್ತವೆ. ಊರು, ದಿನಾಂಕ, ಪೂರ್ತಿ ದೃಶ್ಯ ಸಿಗುವ ತನಕ ಮುಂದೆ ಕಳಿಸದಿದ್ದರೆ ಯಾರ ಗಂಟೂ ಹೋಗುವುದಿಲ್ಲ.

## ಪ್ರಕರಣ, ಪರಿಹಾರ, ಪೊಲೀಸ್

‘ನನ್ನ ಮಗ ಕಲ್ಲು ಎಸೆದಿಲ್ಲ ಸಾರ್, ನೋಡಲು ನಿಂತಿದ್ದ. ಅವನ ಮೇಲೂ ಕೇಸು ಹೇಗೆ?’

ತಾಯಂದಿರು ಕೇಳುವ ಪ್ರಶ್ನೆ ಇದು. ಅವರ ಎದುರು ಕಾನೂನು ವಿವರಿಸುವುದು ಸುಲಭವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಮಿನ ಪ್ರಕಾರ ಐದು ಅಥವಾ ಹೆಚ್ಚು ಜನ ಅಪರಾಧದ ಉದ್ದೇಶಕ್ಕೆ ಸೇರಿದರೆ ಅದು ಕಾನೂನುಬಾಹಿರ ಕೂಟ. 190ನೇ ಕಲಮು ಹೇಳುವಂತೆ, ಕೂಟದ ಸಮಾನ ಉದ್ದೇಶಕ್ಕಾಗಿ ಅದರಲ್ಲಿ ಒಬ್ಬ ಮಾಡಿದ ಅಪರಾಧಕ್ಕೆ ಉಳಿದ ಸದಸ್ಯರೂ ಹೊಣೆ. ಹಳೆಯ ದಂಡ ಸಂಹಿತೆಯಲ್ಲಿ ಇದು 149ನೇ ಕಲಮಾಗಿತ್ತು. ಬರೀ ನೋಡುತ್ತ ನಿಂತವನು ಕೂಟದ ಸದಸ್ಯನಲ್ಲ, ಸಮಾನ ಉದ್ದೇಶಕ್ಕೆ ಪುರಾವೆ ಬೇಕು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಆದರೆ ಆ ಮಾತು ನಿಮ್ಮ ಮಗನ ಉಪಯೋಗಕ್ಕೆ ಬರುವುದು ವಿಚಾರಣೆಯ ಕೊನೆಯಲ್ಲಿ. ಅಲ್ಲಿಯವರೆಗೆ ಜಾಮೀನು, ವಾಯಿದೆಯ ಮೇಲೆ ವಾಯಿದೆ, ಪಾಸ್‌ಪೋರ್ಟ್‌ಗೋ ಕೆಲಸಕ್ಕೋ ಪೊಲೀಸ್ ಪರಿಶೀಲನೆ ಬಂದಾಗ ತೂಗಾಡುವ ಪ್ರಕರಣ.

ಕೋರ್ಟಿನ ಕಾರಿಡಾರಿನಲ್ಲಿ ನಿಂತವರನ್ನು ಒಮ್ಮೆ ನೋಡಿ: ಗ್ಯಾರೇಜಿನ ಹುಡುಗರು, ಹಮಾಲರ ಮಕ್ಕಳು, ಡಿಗ್ರಿ ಅರ್ಧಕ್ಕೆ ಬಿಟ್ಟವರು. ಅವರ ಹಿಂದೆ ಘೋಷಣೆ ಕೂಗಿಸಿದವರ ಮಕ್ಕಳು ಆ ಹೊತ್ತಿಗೆ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಓದುತ್ತಿರುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಪಕ್ಷಗಳ ನಡುವೆ ಎಳ್ಳಷ್ಟೂ ಭೇದವಿಲ್ಲ.

ಸರ್ಕಾರ ಬದಲಾದರೆ ಕೇಸು ವಾಪಸ್ ಆಗುತ್ತದೆಯಂತೆ. ಹಾಗೆ ಮಾಡಲು ಬರುತ್ತದೆಯೇ?

ಬರುತ್ತದೆ, ಆದರೆ ಸಚಿವ ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಅಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮು, ಈ ಅಧಿಕಾರ ಕೊಡುವುದು ಸರ್ಕಾರಿ ಅಭಿಯೋಜಕರಿಗೆ. ಅವರು ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿದೆ. ನಡೆಯುವುದು ಬೇರೆ: ಸಂಪುಟ ಉಪಸಮಿತಿ ಪಟ್ಟಿ ಮಾಡುತ್ತದೆ, ಸರ್ಕಾರ ಆದೇಶ ಹೊರಡಿಸುತ್ತದೆ, ಅಭಿಯೋಜಕರ ವಿವೇಚನೆ ಆ ಆದೇಶದ ದಾರಿ ಕಾಯುತ್ತದೆ.

ನಮ್ಮ ರಾಜ್ಯದ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿ ಇಡುತ್ತೇನೆ. 2020ರ ಆಗಸ್ಟ್ 31ರಂದು ಬಿಜೆಪಿ ಸರ್ಕಾರ ಸಚಿವರು, ಶಾಸಕರು ಸೇರಿದಂತೆ ಹಲವರ ಮೇಲಿದ್ದ 61 ಪ್ರಕರಣಗಳನ್ನು ಹಿಂಪಡೆಯಲು ಆದೇಶಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಹಾಕಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ 43 ಪ್ರಕರಣಗಳನ್ನು ಹಿಂಪಡೆಯಲು ಹೊರಟಿತು. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಎದುರು ನಡೆದ ದಾಂಧಲೆಯ ಪ್ರಕರಣವೂ ಆ ಪಟ್ಟಿಯಲ್ಲಿತ್ತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮೊದಲನೆಯದಕ್ಕೆ ಮೌನವಾಗಿದ್ದವರು ಎರಡನೆಯದಕ್ಕೆ ಬೀದಿಗಿಳಿದರು. ಮೊದಲನೆಯದನ್ನು ಬೈದವರು ಎರಡನೆಯದನ್ನು ‘ಅಮಾಯಕರಿಗೆ ನ್ಯಾಯ’ ಎಂದರು. ನನ್ನ ಕಕ್ಷಿದಾರರಲ್ಲಿ ಎರಡೂ ಬಣದವರಿದ್ದಾರೆ. ಎರಡೂ ಸಲ ನನಗೆ ಬಂದ ಫೋನ್ ಕರೆಗಳ ವಾಕ್ಯಗಳು ಒಂದೇ ಆಗಿದ್ದವು, ಧ್ವನಿಗಳು ಮಾತ್ರ ಅದಲು ಬದಲು.

ಎಡಪಕ್ಷದವರು ನಗುವುದು ಬೇಡ. 2015ರ ಮಾರ್ಚ್ 13ರಂದು ಕೇರಳ ವಿಧಾನಸಭೆಯಲ್ಲಿ ಬಜೆಟ್ ಮಂಡನೆಯ ವೇಳೆ ಕುರ್ಚಿ, ಮೈಕು, ಕಂಪ್ಯೂಟರುಗಳನ್ನು ಒಡೆದ ತಮ್ಮ ಶಾಸಕರ ಪ್ರಕರಣ ಹಿಂಪಡೆಯಲು ಅವರ ಸರ್ಕಾರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಜುಲೈನಲ್ಲಿ ಕೋರ್ಟ್ ಒಪ್ಪಲಿಲ್ಲ. ಮರುತಿಂಗಳೇ ಇನ್ನೊಂದು ಪ್ರಕರಣದಲ್ಲಿ, ಹಾಲಿ ಅಥವಾ ಮಾಜಿ ಶಾಸಕರು, ಸಂಸದರ ಮೇಲಿನ ಪ್ರಕರಣಗಳನ್ನು ಆಯಾ ಹೈಕೋರ್ಟಿನ ಅನುಮತಿ ಇಲ್ಲದೆ ಹಿಂಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು.

ಹಾಗೆಂದು ಎಲ್ಲ ಹಿಂಪಡೆಯುವಿಕೆಯೂ ತಪ್ಪಲ್ಲ. ರಸ್ತೆ ತಡೆ ಮಾಡಿದ ರೈತರ ಮೇಲೆ, ಕುಡಿಯುವ ನೀರಿಗಾಗಿ ಖಾಲಿ ಕೊಡ ಹಿಡಿದು ಕುಳಿತವರ ಮೇಲೆ ವರ್ಷಗಟ್ಟಲೆ ಪ್ರಕರಣ ನಡೆಸುವುದು ಯಾರಿಗೂ ಲಾಭವಿಲ್ಲ. ನನ್ನ ತಕರಾರು ಬೆಂಕಿ ಹಚ್ಚಿದವರ, ಕಲ್ಲು ಹೊಡೆದವರ, ಪ್ರಾಣ ತೆಗೆಯಲು ಹೋದವರ ಪ್ರಕರಣಗಳ ಬಗ್ಗೆ ಮಾತ್ರ. ಅಲ್ಲಿ ಒಂದು ಪ್ರಕರಣ ಹಿಂದೆ ಬಂದರೆ, ‘ನಮ್ಮ ಸರ್ಕಾರ ಬಂದಾಗ ನೋಡಿಕೊಳ್ಳುತ್ತಾರೆ’ ಎಂಬ ಧೈರ್ಯ ಹತ್ತು ಹುಡುಗರಿಗೆ ಬರುತ್ತದೆ. ಇಬ್ಬಗೆ ನೀತಿಯನ್ನು ಬರೀ ಬಾಯಿಚಪಲ ಎಂದು ನಾನು ತಳ್ಳಿಹಾಕದಿರುವುದು ಇದಕ್ಕೇ. ಮುಂದಿನ ಹಿಂಸೆಗೆ ಅದು ಬಂಡವಾಳ ಹೂಡುತ್ತದೆ.

ಸತ್ತವರ ಮನೆಗೆ ಪರಿಹಾರ ಕೊಡುವಾಗಲೂ ಪಕ್ಷ, ಜಾತಿ, ಧರ್ಮ ನೋಡುತ್ತಾರೆಯೇ?

2022ರ ಜುಲೈನಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳ ಅಂತರದಲ್ಲಿ ಮೂವರು ಯುವಕರ ಕೊಲೆಯಾಯಿತು. ಒಬ್ಬರು ಬಿಜೆಪಿ ಯುವ ಮೋರ್ಚಾದವರು, ಇಬ್ಬರು ಮುಸ್ಲಿಂ ಯುವಕರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮೊದಲನೆಯವರ ಮನೆಗೆ ಹೋದರು, 25 ಲಕ್ಷ ರೂಪಾಯಿ ಕೊಟ್ಟರು. ಉಳಿದೆರಡು ಮನೆಗಳಿಗೆ ಹೋಗಲಿಲ್ಲ. 2023ರಲ್ಲಿ ಬಂದ ಸಿದ್ದರಾಮಯ್ಯ ಸರ್ಕಾರ ಆ ಎರಡು ಕುಟುಂಬಗಳಿಗೂ ತಲಾ 25 ಲಕ್ಷ ಕೊಟ್ಟಿತು. ಆದರೆ ಹಿಂದಿನ ಸರ್ಕಾರ ಯುವ ಮೋರ್ಚಾ ಮುಖಂಡರ ಪತ್ನಿಗೆ ಕೊಟ್ಟಿದ್ದ ತಾತ್ಕಾಲಿಕ ಕೆಲಸ ಸರ್ಕಾರ ಬದಲಾದೊಡನೆ ಹೋಯಿತು. ಗದ್ದಲವಾದ ಮೇಲೆ ಮರಳಿ ಕೊಡುವುದಾಗಿ ಮುಖ್ಯಮಂತ್ರಿ ಹೇಳಬೇಕಾಯಿತು. ವಿಧವೆಯ ಅನ್ನ ಮತ ಎಣಿಕೆಯ ಫಲಿತಾಂಶಕ್ಕೆ ಜೋತುಬಿದ್ದಿರುವುದನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಪಕ್ಷ ಕೇಳದ ಪರಿಹಾರವೂ ಕಾನೂನಿನಲ್ಲಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು ನೋಡಿ. ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ನಡೆಯುತ್ತದೆ. ಮೊತ್ತ ದೊಡ್ಡದಿರುವುದಿಲ್ಲ, ಕ್ಯಾಮೆರಾಗಳೂ ಬರುವುದಿಲ್ಲ.

ಪೊಲೀಸರ ಗುಂಡಿಗೆ ರೈತರು ಸತ್ತರೆ ಅದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಅದೇ ಪಟ್ಟಿಗೆ, ಪಕ್ಷಗಳು ಅತ್ಯಂತ ನಾಚಿಕೆಯಿಲ್ಲದೆ ಪಾತ್ರ ಬದಲಿಸುವ ಜಾಗ ಅದು. 1980ರ ಜುಲೈನಲ್ಲಿ ಗುಂಡೂರಾವ್ ಕಾಲದಲ್ಲಿ ನರಗುಂದ, ನವಲಗುಂದ. 1992ರ ಸೆಪ್ಟೆಂಬರ್ 13ರಂದು, ಬಂಗಾರಪ್ಪನವರ ಕಾಲದಲ್ಲಿ, ನಮ್ಮ ದಾವಣಗೆರೆ ತಾಲ್ಲೂಕಿನ ಇಬ್ಬರು ರೈತರು; ಅವರ ಸ್ಮಾರಕ ಆನಗೋಡಿನಲ್ಲಿದೆ, ಪ್ರತಿವರ್ಷ ಆ ದಿನ ರೈತರು ಸೇರುತ್ತಾರೆ. 2008ರ ಜೂನ್ 10ರಂದು, ಯಡಿಯೂರಪ್ಪನವರು ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ, ಹಾವೇರಿಯಲ್ಲಿ ರಸಗೊಬ್ಬರ ಕೇಳಿದ ಇಬ್ಬರು. ವಿರೋಧ ಪಕ್ಷದಲ್ಲಿದ್ದಾಗ ಗೋಲಿಬಾರನ್ನು ‘ಸರ್ಕಾರಿ ಕೊಲೆ’ ಎಂದವರು ಅಧಿಕಾರದಲ್ಲಿದ್ದಾಗ ‘ಅನಿವಾರ್ಯ ಕ್ರಮ, ತನಿಖೆಗೆ ಆದೇಶಿಸಿದ್ದೇವೆ’ ಎನ್ನುತ್ತಾರೆ. ಆನಗೋಡಿನ ಸ್ಮಾರಕಕ್ಕೆ ಹಾರ ಹಾಕಲು ಎಲ್ಲ ಪಕ್ಷದವರೂ ಬರಬಹುದು, ಸ್ವಾಗತ. ಹಾರ ಹಾಕುವಾಗ ಹಾವೇರಿ, ನರಗುಂದಗಳ ಹೆಸರನ್ನೂ ಬಾಯಿಬಿಟ್ಟು ಹೇಳಲಿ.

ಭಾಷಣ ಮಾಡಿದವರು ಕಲ್ಲು ಮುಟ್ಟಿಲ್ಲ. ಅವರನ್ನೇಕೆ ಎಳೆಯುತ್ತೀರಿ?

ದ್ವೇಷ ಭಾಷಣಕ್ಕೆ ನ್ಯಾಯ ಸಂಹಿತೆಯ 196ನೇ ಕಲಮು ಇದೆ, ಅದಕ್ಕೆ ಕಲ್ಲು ಬೇಕಾಗಿಲ್ಲ. ಯಾರೂ ದೂರು ಕೊಡದಿದ್ದರೂ, ಮಾತನಾಡಿದವರ ಧರ್ಮ ನೋಡದೆ, ಪೊಲೀಸರು ತಾವಾಗಿ ಪ್ರಕರಣ ದಾಖಲಿಸಬೇಕು ಎಂದು 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿದು ಠಾಣೆಗೆ ಹೋಗಿ ನೋಡಿ, ಪೊಲೀಸ್ ಅಧಿಕಾರಿಯ ಮುಖದಲ್ಲಿ ಮೊದಲು ಮೂಡುವ ಪ್ರಶ್ನೆ ‘ಯಾರ ಮೇಲೆ?’

## ಕಷ್ಟದ ಪ್ರಶ್ನೆಗಳು

‘ಅವರು ಮಾಡಿದಾಗ ನೀವು ಎಲ್ಲಿದ್ದಿರಿ?’ ಎಂದು ಕೇಳುವುದು ತಪ್ಪೇ?

ಪ್ರಶ್ನೆಯಾಗಿ ಕೇಳಿದರೆ ತಪ್ಪಲ್ಲ. ಖಂಡಿಸುವುದನ್ನೇ ವೃತ್ತಿ ಮಾಡಿಕೊಂಡವರ ಹಳೆಯ ಲೆಕ್ಕ ಕೇಳುವ ಹಕ್ಕು ನಾಗರಿಕರಿಗಿದೆ, ನನ್ನದನ್ನೂ ಕೇಳಿ. ಆದರೆ ಹೆಣ ಮನೆಯಲ್ಲಿರುವಾಗ, ಉತ್ತರಕ್ಕೆ ಕಾಯದೆ, ಎದುರಿನವರ ಬಾಯಿ ಕಟ್ಟಲೆಂದು ಎಸೆದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಎದುರಿನವರು ‘ಹೌದು, ಅಂದೂ ತಪ್ಪೇ’ ಎಂದರೆ ನೀವು ‘ಹಾಗಾದರೆ ಇಂದಿನದೂ ತಪ್ಪು’ ಎನ್ನಲು ತಯಾರಿದ್ದೀರಾ? ಇಲ್ಲವೆಂದಾದರೆ ಕೇಳಬೇಡಿ.

ಎರಡೂ ಕಡೆಯನ್ನು ಸರಿಸಮನಾಗಿ ಬೈದರೆ ಸಾಕಲ್ಲ? ನಿಷ್ಪಕ್ಷಪಾತ ಎಂದರೆ ಅದೇ ಅಲ್ಲವೇ?

ಸಾಲದು. ಅಳತೆಗೋಲು ಒಂದೇ ಇರಬೇಕು, ಅಳೆದಾಗ ಬರುವ ಅಂಕಿ ಒಂದೇ ಆಗಬೇಕಿಲ್ಲ. ಬಸ್ಸಿನ ಗಾಜು ಒಡೆದದ್ದನ್ನೂ ಮನೆಯೊಳಗೆ ಜನರನ್ನಿಟ್ಟು ಬೆಂಕಿ ಹಚ್ಚಿದ್ದನ್ನೂ ‘ಎರಡೂ ಕಡೆ ತಪ್ಪಿದೆ’ ಎಂದು ಒಂದೇ ಚೀಲಕ್ಕೆ ತುಂಬುವವನು ಸೋಮಾರಿ, ಇಲ್ಲವೇ ದೊಡ್ಡ ತಪ್ಪಿನ ಕಡೆಯವನು. ಅಧಿಕಾರದಲ್ಲಿರುವವರ ಹಿಂಸೆಗೆ ತೂಕ ಹೆಚ್ಚು, ತನಿಖೆ ಮಾಡಬೇಕಾದವರೂ ಅವರ ಕೈಕೆಳಗೇ ಇರುತ್ತಾರೆ. 1984ರಲ್ಲಿ ದೆಹಲಿಯ ಸಿಖ್ಖರ ಹತ್ಯೆಗೆ ಸಂಬಂಧಿಸಿ ಕಾಂಗ್ರೆಸ್ಸಿನ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆಯಾದದ್ದು 2018ರ ಡಿಸೆಂಬರ್ 17ರಂದು, 34 ವರ್ಷಗಳ ಬಳಿಕ. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರ, ಕೊಲೆ ನಡೆಸಿದ 11 ಅಪರಾಧಿಗಳನ್ನು 2022ರ ಸ್ವಾತಂತ್ರ್ಯ ದಿನದಂದು ಅಲ್ಲಿನ ಸರ್ಕಾರ ಅವಧಿಗೆ ಮೊದಲೇ ಬಿಡುಗಡೆ ಮಾಡಿತು, ಅವರಿಗೆ ಹಾರ ಬಿತ್ತು, ಸಿಹಿ ಹಂಚಿದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಪಡಿಸಿ ಅವರನ್ನು ಮರಳಿ ಜೈಲಿಗೆ ಕಳಿಸಿತು. 2012ರ ಮೇ 4ರಂದು ಕೇರಳದಲ್ಲಿ ಸಿಪಿಎಂ ತೊರೆದು ಹೊಸ ಪಕ್ಷ ಕಟ್ಟಿದ ಟಿ.ಪಿ. ಚಂದ್ರಶೇಖರನ್ ಅವರನ್ನು ಕಡಿದು ಕೊಂದ ಪ್ರಕರಣದಲ್ಲಿ ಆ ಪಕ್ಷದ ಸ್ಥಳೀಯ ಮುಖಂಡರೇ ಶಿಕ್ಷೆಗೊಳಗಾದರು. ಮೂರು ಪಕ್ಷ, ಮೂರು ಬೇರೆ ಬೇರೆ ಪ್ರಮಾಣದ ಅಪರಾಧ. ಮೂರನ್ನೂ ಸಮವೆಂದು ನಾನು ಹೇಳುತ್ತಿಲ್ಲ. ಅಪರಾಧಿಗೆ ಪಕ್ಷದ ನೆರಳು ಎಷ್ಟು ಕಾಲ ಸಿಕ್ಕಿತು ಎಂಬ ಒಂದೇ ಪ್ರಶ್ನೆಯನ್ನು ಮೂರಕ್ಕೂ ಕೇಳುತ್ತಿದ್ದೇನೆ.

ಸ್ವಾತಂತ್ರ್ಯ ಹೋರಾಟದಲ್ಲಿ ಹಿಂಸೆ ಇರಲಿಲ್ಲವೇ? ಈಸೂರಿನ ಬಗ್ಗೆ ಏನೆನ್ನುತ್ತೀರಿ?

ಕಾಲೇಜು ಹುಡುಗರ ಅಚ್ಚುಮೆಚ್ಚಿನ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಸತ್ತ ಇಬ್ಬರು ಅಧಿಕಾರಿಗಳಿಗೂ ಮನೆಮಂದಿ ಇದ್ದರು ಎಂಬುದನ್ನು ಮರೆಯದೆಯೇ, ಆ ಊರಿನ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಆ ಜನರಿಗೆ ತಮ್ಮನ್ನು ಆಳುವವರನ್ನು ಇಳಿಸಲು ಮತವಿರಲಿಲ್ಲ. ನಿಮಗಿದೆ. ಅವರು ಮಾಡಿದ್ದಕ್ಕೆ ಕುತ್ತಿಗೆ ಕೊಟ್ಟರು. ಇಂದು ‘ಕ್ರಾಂತಿ’ ಮಾಡುವವರ ಬೆನ್ನಿಗೆ ಸಂಪುಟ ಉಪಸಮಿತಿ ಇದೆ.

ಈಸೂರನ್ನು ನೆನೆಯುವವರು ಚಿತ್ರದುರ್ಗದ ಪಕ್ಕದ ತುರುವನೂರನ್ನೂ ನೆನೆಯಲಿ. 1939ರ ಸತ್ಯಾಗ್ರಹದಲ್ಲಿ ಅಲ್ಲಿ ಈಚಲ ಮರಗಳನ್ನು ಕಡಿದರು, ಹೆಂಡದ ಮೂಲವೆಂದು, ಸರ್ಕಾರದ ಕಟ್ಟಳೆ ಮುರಿಯಲೆಂದು. ಎಸ್. ನಿಜಲಿಂಗಪ್ಪನವರು ಜೈಲಿಗೆ ಹೋದರು. ಕಾನೂನು ಮುರಿದರು, ಆಸ್ತಿ ಹಾನಿಯೂ ಆಯಿತು ಎನ್ನಿ. ಯಾರ ಮೈಮೇಲೂ ಕೈಯಿಡಲಿಲ್ಲ, ಮುಖ ಮುಚ್ಚಿಕೊಂಡು ಓಡಲಿಲ್ಲ. ಕೊಡಲಿ ಹಿಡಿದೂ ಹೀಗೆ ಇರಲು ಸಾಧ್ಯ ಎಂಬುದು ನಮ್ಮ ಜಿಲ್ಲೆಯವರಿಗೆ ಹೊರಗಿನವರು ಹೇಳಿಕೊಡಬೇಕಾದ ಪಾಠವಲ್ಲ.

ಇದು ನಮ್ಮ ದೇಶದ ರೋಗವೋ? ಮುಂದುವರಿದ ದೇಶಗಳಲ್ಲಿ ಹೀಗಿರಲಾರದು.

ಅಮೆರಿಕವನ್ನೇ ನೋಡಿ. 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದ ಗುಂಪು ಸುಮಾರು 140 ಪೊಲೀಸರನ್ನು ಗಾಯಗೊಳಿಸಿತು. 2025ರ ಜನವರಿ 20ರಂದು, ಎರಡನೆಯ ಬಾರಿ ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ಸುಮಾರು 1,500 ಆರೋಪಿಗಳಿಗೆ ಕ್ಷಮಾದಾನ ಕೊಟ್ಟರು. ಹಿಂಪಡೆಯಲು ಹೊರಟ ನಮ್ಮ 61, 43 ಪ್ರಕರಣಗಳು ಅದರ ಮುಂದೆ ಕೈಕೂಸು. ಅದೇ ವರ್ಷದ ಜೂನ್ 14ರಂದು ಮಿನ್ನೆಸೋಟದಲ್ಲಿ ಡೆಮಾಕ್ರಟಿಕ್ ಪಕ್ಷದ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಅವರನ್ನು, ಅವರ ಗಂಡನನ್ನು ಮನೆಯಲ್ಲೇ ಕೊಂದರು. ಸೆಪ್ಟೆಂಬರ್ 10ರಂದು ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಬಲಪಂಥೀಯ ಭಾಷಣಕಾರ ಚಾರ್ಲಿ ಕಿರ್ಕ್ ಅವರನ್ನು ಗುಂಡಿಕ್ಕಿ ಕೊಂದರು. ಎರಡೂ ಕಡೆಯ ಸಾವುಗಳಿಗೆ ಒಂದೇ ಬಗೆಯಲ್ಲಿ ಮರುಗಿದವರು ಅಲ್ಲಿಯೂ ಇದ್ದರು, ಆದರೆ ಅವರ ದನಿ ಮೇಲೆ ಬರಲಿಲ್ಲ.

ನಾನು ಪಕ್ಷಪಾತಿ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಪಕ್ಷಪಾತಿ ಹೌದು ಎಂದುಕೊಂಡೇ ಶುರುಮಾಡಿ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅಮೆರಿಕದ ಡಾನ್ ಕಹಾನ್ ಮತ್ತು ಸಂಗಡಿಗರು ಒಂದೇ ಪ್ರತಿಭಟನೆಯ ವಿಡಿಯೊವನ್ನು ಜನರಿಗೆ ತೋರಿಸಿದರು. ಅರ್ಧದಷ್ಟು ಜನರಿಗೆ ಇದು ಗರ್ಭಪಾತ ಕೇಂದ್ರದ ಮುಂದಿನ ಪ್ರತಿಭಟನೆ ಎಂದರು, ಉಳಿದವರಿಗೆ ಇದು ಸೇನಾ ನೇಮಕಾತಿ ಕೇಂದ್ರದ ಮುಂದಿನದು ಎಂದರು. ಪ್ರತಿಭಟನಕಾರರು ಜನರನ್ನು ತಡೆದರೇ, ಬೆದರಿಸಿದರೇ ಎಂಬ ಸರಳ ಸಂಗತಿಯ ಪ್ರಶ್ನೆಗೂ ಉತ್ತರಗಳು ನೋಡುಗರ ನಿಲುವಿಗೆ ತಕ್ಕಂತೆ ಒಡೆದುಹೋದವು. ಅಭಿಪ್ರಾಯವಿರಲಿ, ಕಣ್ಣಿಗೆ ಕಂಡದ್ದೇ ಬೇರೆಯಾಗಿತ್ತು.

ಮನೆಯಲ್ಲೇ ಮಾಡಿ ನೋಡಬಹುದು. ಬೇರೆ ಜಿಲ್ಲೆಯ ಹಲ್ಲೆಯ ಸುದ್ದಿಯೊಂದರಲ್ಲಿ ಹೆಸರು, ಪಕ್ಷ, ಧ್ವಜದ ಬಣ್ಣಗಳನ್ನು ಮಗಳಿಂದ ಪೆನ್ನಿನಲ್ಲಿ ಹೊಡೆದುಹಾಕಿಸಿ, ಓದಿ. ಯಾರ ಮೇಲೆ ಯಾವ ಕಲಮು ಹಾಕುತ್ತೀರಿ ಎಂದು ಅಂಚಿನಲ್ಲಿ ಬರೆಯಿರಿ. ಬಳಿಕ ಹೆಸರು ಕೇಳಿ. ಬರೆದದ್ದನ್ನು ತಿದ್ದಲು ಕೈ ತುರಿಸಿದರೆ ಉತ್ತರ ಸಿಕ್ಕಿತು.

ನಮ್ಮವರನ್ನೇ ಟೀಕಿಸಿದರೆ ನಾಳೆ ಬಳಗದಲ್ಲಿ, ಸಂಘದಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಕಷ್ಟವಾಗುತ್ತದೆ. ‘ದ್ರೋಹಿ’ ಎನ್ನುತ್ತಾರೆ, ಮದುವೆಯ ಪತ್ರಿಕೆ ಬರುವುದಿಲ್ಲ. ಎಲ್ಲರೆದುರು ಬೇಡವಾದರೆ ಪಕ್ಷದ ಒಳಗಿನ ಸಭೆಯಲ್ಲಿ ಕೇಳಿ. ನಮ್ಮವರನ್ನು ನಮ್ಮವರೇ ತಡೆದರೆ ಹುಡುಗರು ನಿಲ್ಲುತ್ತಾರೆ. ಎದುರು ಪಕ್ಷದವರು ಬೈದರೆ ಇನ್ನಷ್ಟು ಹುರುಪಾಗುತ್ತಾರೆ. ಗಣೇಶ ಹಬ್ಬಕ್ಕೂ ಈದ್ ಮೆರವಣಿಗೆಗೂ ಮುಂಚೆ ಠಾಣೆಯಲ್ಲಿ ನಡೆಯುವ ಶಾಂತಿ ಸಭೆಗಳು ಬಹುಪಾಲು ಚಹಾ ಬಿಸ್ಕತ್ತಿಗೆ ಮುಗಿಯುತ್ತವೆ. ಕೆಲಸ ನಡೆದ ಸಭೆಗಳಲ್ಲಿ ಮಾತ್ರ ಒಂದು ಸಾಮ್ಯ ಕಂಡಿದ್ದೇನೆ: ಪ್ರತಿ ಗುಂಪಿನ ಹಿರಿಯರು ತಮ್ಮದೇ ಹುಡುಗರ ಹೆಸರು ಹಿಡಿದು, ಇಂಥವನನ್ನು ನಾನು ಮನೆಯಲ್ಲಿ ಕೂರಿಸುತ್ತೇನೆ ಎಂದಿದ್ದರು.

ನೀವು ಯಾವ ಪಕ್ಷ?

ಮತ ಹಾಕುತ್ತೇನೆ. ಮತಗಟ್ಟೆಯ ಪರದೆ ಇರುವುದು ಇಂಥ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲೆಂದೇ.

ನಮ್ಮಂಥ ಮತದಾರರ ಕೈಯಲ್ಲಿ ಏನಿದೆ? ಎಲ್ಲ ಪಕ್ಷಗಳೂ ಅಂಥವರಿಗೇ ಟಿಕೆಟ್ ಕೊಡುತ್ತವೆ.

ನಾಮಪತ್ರದ ಜೊತೆ ಅಭ್ಯರ್ಥಿ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳ ವಿವರ ಇರಲೇಬೇಕು. ಅದು ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ರುಚಿಯಾದದ್ದು ಇನ್ನೊಂದಿದೆ. ಪ್ರಕರಣವಿರುವವರನ್ನೇ ಏಕೆ ಆರಿಸಿದಿರಿ, ಪ್ರಕರಣವಿಲ್ಲದ ಬೇರೆಯವರು ಸಿಗಲಿಲ್ಲವೇ ಎಂಬುದಕ್ಕೆ ಪಕ್ಷಗಳು ಕಾರಣ ಪ್ರಕಟಿಸಬೇಕು ಎಂದು 2020ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ‘ಗೆಲ್ಲುವ ಸಾಮರ್ಥ್ಯ’ ಎಂದಷ್ಟೇ ಬರೆದರೆ ಅದು ಕಾರಣವಾಗದು ಎಂದೂ ಅದರಲ್ಲಿದೆ. ಹಾಗಾಗಿ ಪಕ್ಷಗಳು ಈಗ ‘ಜನಸೇವೆಯಲ್ಲಿ ಸಕ್ರಿಯ’, ‘ಪ್ರಕರಣಗಳು ರಾಜಕೀಯ ಪ್ರೇರಿತ’ ಎಂಬಂಥ ಕಾರಣಗಳನ್ನು ಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುತ್ತವೆ. ಮುಂದಿನ ಚುನಾವಣೆಯಲ್ಲಿ ಆ ಜಾಹೀರಾತುಗಳನ್ನು ಕತ್ತರಿಸಿಟ್ಟುಕೊಳ್ಳಿ. ನಿಮ್ಮ ಪಕ್ಷದ್ದನ್ನು ಮೊದಲು ಓದಿ, ಪ್ರಚಾರಕ್ಕೆ ಮನೆಗೆ ಬಂದವರಿಗೆ ಅದನ್ನು ತೋರಿಸಿ, ಪ್ರಕರಣದ ಸಂಖ್ಯೆ ಹಿಡಿದು ಕೇಳಿ. ಸಂಖ್ಯೆ ಕೇಳಿದ ಕೂಡಲೇ ಕರಪತ್ರ ಕೈಗಿಟ್ಟು ಪಕ್ಕದ ಮನೆಗೆ ಹೊರಡುತ್ತಾರೆ, ಆಗ ಪಕ್ಕದ ಮನೆಯವರಿಗೂ ಆ ಸಂಖ್ಯೆ ಕೊಟ್ಟಿರಿ.